ಬೀರೇಶನ ಜಾವಳ

ಸದಾಶಿವನಗರ, ಬೆಳಗಾವಿ
13 ಮಾರ್ಚ್ 2000, ಸೋಮವಾರ

ಪ್ರೀತಿಯ ತಮ್ಮ ಲಕ್ಷ್ಮಣನಿಗೆ ಅಕ್ಕ ಪ್ರಮಿಳಾ ಮಾಡುವ ಆಶೀರ್ವಾದಗಳು.

ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೇ? ಚಳಿಗಾಲದಲ್ಲಿ ನಾನು ಬಂದಾಗ ಜಾಳಿಗೆಯ ಆಚೆ ನಿಂತು ನೀನು ಒಂದು ಮಾತು ಆಡುವುದರೊಳಗೆ ಎರಡು ಸಲ ಕೆಮ್ಮುತ್ತಿದ್ದೆ. ಅಲ್ಲಿಯ ಡಾಕ್ಟರಿಗೆ ತೋರಿಸು ಎಂದಿದ್ದೆ. ತೋರಿಸಿದೆಯೋ ಇಲ್ಲವೋ ತಿಳಿಯಲಿಲ್ಲ, ಯಾಕೆಂದರೆ ಅದಾದ ಮೇಲೆ ನಾನು ಎರಡು ಸಲ ಬಂದರೂ ನೀನು ಭೇಟಿಗೆ ಹೊರಗೆ ಬರಲಿಲ್ಲ. "ಬರೂದಿಲ್ಲ ಅಂತಾನ್ರಿ ಅಕ್ಕಾರ, ನಾವೇನು ಎಳಕೊಂಡ ಬರಾಕ ಆಗತೈತಿ?" ಎಂದು ಅಲ್ಲಿಯವರು ಹೇಳಿದರು. ತಂದಿದ್ದ ಬಾಳೆಹಣ್ಣು ಅವರ ಕೈಗೆ ಕೊಟ್ಟು ವಾಪಸು ಬಂದೆ. ಸಿಟ್ಟು ಬರಲಿಲ್ಲ. ಬೇಸರವೂ ಆಗಲಿಲ್ಲ. ಬಸ್ಸಿನಲ್ಲಿ ಕುಳಿತು ಮನೆಯಲ್ಲಿ ಅಕ್ಕಿ ಇದೆಯೋ ಮುಗಿದಿದೆಯೋ ಎಂದು ನೆನಪು ಮಾಡಿಕೊಳ್ಳುತ್ತಿದ್ದೆ. ಈಗೀಗ ನನಗೆ ಅಳು ತಡವಾಗಿ ಬರುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ.

ನಾವೆಲ್ಲ ಆರಾಮ ಇದ್ದೇವೆ. ಬಿಸಿಲು ಶುರುವಾಗಿದೆ. ನಳದ ನೀರು ಬಿಟ್ಟ ದಿನ ಮನೆಯ ಎಲ್ಲ ಪಾತ್ರೆ ತುಂಬಿಸಿ ಇಟ್ಟುಕೊಳ್ಳುತ್ತೇವೆ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೊದಲಿನ ಹಾಗೆಯೇ ಇಂಜಿನ್ ಬಿಚ್ಚಿ ಜೋಡಿಸುತ್ತಿದ್ದಾರೆ, ರವಿವಾರವೂ ಪಾಳಿ ಇರುತ್ತದೆ. ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಈ ಪತ್ರವನ್ನು ನಿನಗಿಂತ ಮೊದಲು ಬೇರೆಯವರು ಒಡೆದು ಓದುತ್ತಾರೆ ಎಂದು ಗೊತ್ತು. ಓದಲಿ, ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಸಣ್ಣವರಿದ್ದಾಗ ಅಪ್ಪ ಪಂಚಾಯ್ತಿ ಕಟ್ಟೆಯ ಮೇಲೆ ನಮ್ಮಿಬ್ಬರಿಂದ ದಿನಾ ಪೇಪರ್ ಓದಿಸುತ್ತಿದ್ದನಲ್ಲ, "ಮೊದಲ ಯಾರು, ಎಲ್ಲಿ, ಏನಾತು ಅದನ್ನ ಓದ್ರಿ, ಯಾಕ ಅನ್ನೂದು ಕಡೀಕ" ಎನ್ನುತ್ತಿದ್ದ. ನಾನೂ ಹಾಗೆಯೇ ಬರೆಯುತ್ತೇನೆ.

ಶಿವರಾತ್ರಿ ಮುಗಿದ ಮೇಲೆ ಅವ್ವ ಖಾನಾಪುರದ ಬಸ್ಸಿಗೆ ಬಂದಳು. ಬರುತ್ತೇನೆಂದು ಹೇಳಿ ಕಳಿಸಿರಲಿಲ್ಲ. ಬಾಗಿಲು ತೆಗೆದರೆ ತಲೆಯ ಮೇಲೆ ರೊಟ್ಟಿ ಗಂಟು, ಬಗಲಲ್ಲಿ ಒಂದು ಚೀಲ, ಕೈಯಲ್ಲಿ ಕೋಲು. "ಮಮ್ಮಗನ್ನ ನೋಡಾಕ ಬಂದೀನಿ, ನಿನ್ನ ನೋಡಾಕ ಅಲ್ಲ" ಎಂದಳು. ಅವಳ ಮೊಣಕಾಲು ಬಾತಿದೆ, ಕಣ್ಣು ಸ್ವಲ್ಪ ಮಂಜಾಗಿದೆ, ಉಳಿದಂತೆ ಗಟ್ಟಿ ಇದ್ದಾಳೆ. ನಮ್ಮ ಮನೆಯ ಫ್ಯಾನ್ ಅವಳಿಗೆ ಆಗುವುದಿಲ್ಲ. "ನೆತ್ತಿ ಮ್ಯಾಲ ಹದ್ದ ತಿರಗಿದಂಗ ಆಗತೈತಿ, ಬಂದ್ ಮಾಡವಾ" ಎನ್ನುತ್ತಾಳೆ. ನಿನ್ನ ಅಳಿಯ ಬೀರೇಶ ಅದನ್ನು ಕೇಳಿ ಕೇಳಿ ಈಗ ಫ್ಯಾನಿಗೆ ಹದ್ದು ಎಂದೇ ಹೇಳುತ್ತಾನೆ. ಸೆಕೆಯಾದರೆ "ಅವ್ವಾ, ಹದ್ದ ಹಚ್ಚ" ಎಂದು ಬಟನ್ ತೋರಿಸುತ್ತಾನೆ. ನನ್ನ ಕೈಯಲ್ಲಿ ಅರ್ಧ ತುತ್ತು ತಿನ್ನದವನು ಅವಳು ಕುರಿ ಕರೆಯುವ ಹಾಗೆ ನಾಲಿಗೆ ಮಡಚಿ ಕರೆದರೆ ಎಲ್ಲಿದ್ದರೂ ಓಡಿ ಬಂದು ಬಾಯಿ ತೆರೆಯುತ್ತಾನೆ. ಅವಳು ಕೋಲು ಊರಿದಲ್ಲಿ ಇವನು ಲಟ್ಟಣಿಗೆ ಊರುತ್ತಾನೆ. ಮನೆ ಮಾಲಕಿ ಗೌರವ್ವಾರು ಕಟ್ಟೆಯ ಮೇಲೆ ಕುಳಿತು "ದೊಡ್ಡ ಕುರುಬತಿ ಹಿಂದ ಸಣ್ಣ ಕುರುಬ ಹೊಂಟಾನ ನೋಡ್ರಿ" ಎಂದು ನಗುತ್ತಾರೆ.

ಈಗ ಬೀರೇಶನ ಕೂದಲಿನ ವಿಷಯ. ಅವನ ಹೆಸರಿಡುವ ದಿನ ನೀನು ಹೊಸ ಕಂಬಳಿಯಲ್ಲಿ ಅವನನ್ನು ಸುತ್ತಿಕೊಂಡು ಊರೆಲ್ಲ ತಿರುಗಿದ್ದೆ, ಒಂದು ವರ್ಷ ತುಂಬಲಿ, ನನ್ನ ತೊಡೆಯ ಮೇಲೆ ಕೂಡಿಸಿ ಜಾವಳ ತೆಗೆಯುತ್ತೇನೆ ಎಂದಿದ್ದೆ. ಅಷ್ಟರಲ್ಲಿ ಆ ಜಗಳವಾಯಿತು. ಯಾರ ಹೊಲದಲ್ಲಿ ಯಾರ ಕುರಿ ಮೊದಲು ಗೊಬ್ಬರಕ್ಕೆ ತರುಬಬೇಕು ಎಂಬ ಮಾತಿಗೆ ನೀನು ಬಡಿಗೆ ಎತ್ತಿದ್ದು, ಸಿದ್ದಪ್ಪ ಮಾವನ ಮಗ ಹಣಮಪ್ಪ ಬಿದ್ದದ್ದು, ಆಸ್ಪತ್ರೆಯಲ್ಲಿ ತೀರಿಕೊಂಡದ್ದು, ನಿನಗೆ ಏಳು ವರ್ಷ ಶಿಕ್ಷೆಯಾದದ್ದು ಎಲ್ಲ ಪೇಪರಿನಲ್ಲಿ ನಾಲ್ಕು ಸಾಲಿನಲ್ಲಿ ಬಂತು, ನಿನ್ನ ವಯಸ್ಸು ತಪ್ಪು ಹಾಕಿದ್ದರು. ಅದರ ಬಗ್ಗೆ ಇನ್ನು ಬರೆಯುವುದಿಲ್ಲ. ಹೇಳುವುದು ಇಷ್ಟೇ, ಮೊದಲ ಎಳೆ ಸೋದರಮಾವನೇ ಕತ್ತರಿಸಬೇಕಾದ್ದರಿಂದ ಮತ್ತು ನನಗೆ ನಿನ್ನನ್ನು ಬಿಟ್ಟರೆ ಬೇರೆ ಅಣ್ಣ ತಮ್ಮಂದಿರು ಇಲ್ಲದ್ದರಿಂದ ಅವನ ಕೂದಲು ಇಂದಿಗೂ ಹುಟ್ಟಿದ ಹಾಗೆಯೇ ಇದೆ. ಹೆಗಲ ಕೆಳಗೆ ಇಳಿದಿದೆ. ಭಾಜಿ ಮಾರುವ ಮಾವಶಿ ಅವನನ್ನು ಹುಡುಗಿ ಎಂದು ತಿಳಿದು ದಿನಾ ಒಂದು ಹೂವು ಕೊಡುತ್ತಾಳೆ, ಅವನು ಅದನ್ನು ಇಸಿದುಕೊಂಡು ಕಿವಿಯ ಮೇಲೆ ಇಟ್ಟುಕೊಂಡು ಬರುತ್ತಾನೆ. ಬಿಸಿಲು ಹೆಚ್ಚಿದ ಮೇಲೆ ಕುತ್ತಿಗೆಯ ಹಿಂದೆ ಬೊಕ್ಕೆಗಳಾದವು. ನೆಹರು ನಗರದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಮುಲಾಮು ಕೊಟ್ಟು, ಮೊದಲು ಕೂದಲು ತೆಗೆಸಿ ಎಂದರು.

ಬೋಳಿಸಲು ಬೆಸ ವರ್ಷ ಆಗಬೇಕು. ಈಗ ಮೂರನೆಯ ವರ್ಷ ನಡೆದಿದೆ, ಮಳೆಗಾಲದ ಹೊತ್ತಿಗೆ ಮುಗಿಯುತ್ತದೆ, ಆಮೇಲೆ ಮತ್ತೆ ಐದಕ್ಕೇ. ಅವ್ವ ಬಂದದ್ದು ಇದಕ್ಕೇ ಎಂದು ನನಗೆ ಎರಡನೆಯ ದಿನ ತಿಳಿಯಿತು. ಯುಗಾದಿಯ ಒಳಗೆ ಆಗಬೇಕು ಎಂದಳು. ನಮ್ಮ ಮನೆಯವರು, ಕಟಿಂಗ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ, ಮಾವನ ಹೆಸರು ಹೇಳಿ ತೆಗೆಸೋಣ ಎಂದರು. ಅವ್ವ ಸೆರಗು ಸರಿ ಮಾಡಿಕೊಂಡು, "ಅದು ಕುರಿ ಉಣ್ಣೆ ಅಲ್ರಿ ಅಳಿಯಾರ, ಸಂತ್ಯಾಗ ಸಿಕ್ಕಾವ್ರ ಕೈಯಾಗ ಕೊಡಾಕ" ಎಂದಳು. ಹಾಗಾದರೆ ಯಾರು ತೆಗೆಯಬೇಕು ಎಂದು ಅವರು ಕೇಳಿದರು. ನಿನ್ನ ಹೆಸರನ್ನು ಅವಳು ನಮ್ಮ ಮನೆಯಲ್ಲಿ ಒಮ್ಮೆಯೂ ಹೇಳಿಲ್ಲ. ಊರಲ್ಲಿಯೂ ಹೇಳುವುದಿಲ್ಲ. ನಾನು ಹಿಂಡಲಗಾ ಜೇಲಿಗೆ ಬಂದು ಹೋದ ಮೇಲೆ ಊರಿಗೆ ಹೋದರೆ ಅವಳು ಕೇಳುವುದು ಒಂದೇ, "ಬಸ್ಸಿನ್ಯಾಗ ಗದ್ದಲ ಇತ್ತೇನ?" ನಾನು ಇತ್ತು ಅಥವಾ ಇರಲಿಲ್ಲ ಎನ್ನುತ್ತೇನೆ. ಅಲ್ಲಿಗೆ ಮುಗಿಯಿತು.

ಇದನ್ನು ನೀನು ಸಿಟ್ಟು ಎಂದು ತಿಳಿದಿದ್ದೀ. ಚಳಿಗಾಲದ ಆ ಭೇಟಿಯಲ್ಲಿ ನೀನು "ಅವ್ವ?" ಎಂದು ಕೇಳಿದಾಗ ನಾನು ಮೊಣಕಾಲು ನೋವು, ಬರಲು ಆಗುವುದಿಲ್ಲ ಎಂದೆ. ನೀನು ನಂಬಲಿಲ್ಲ, ಹೊರಳಿ ಒಳಗೆ ಹೋದೆ. ನಿಜ ಹೀಗಿದೆ. ಹಣಮಪ್ಪನನ್ನು ಮಣ್ಣು ಮಾಡಿ ಬಂದ ದಿನ ನೀನು ಪೊಲೀಸ್ ಠಾಣೆಯಲ್ಲಿದ್ದೆ, ಆದ್ದರಿಂದ ನಿನಗೆ ಗೊತ್ತಿಲ್ಲ. ಅವ್ವ ಸಿದ್ದಪ್ಪ ಮಾವನ ಮನೆಗೆ ಹೋದಳು. ತನ್ನ ತವರುಮನೆಯ ಅಂಗಳದಲ್ಲಿ ಅವಳು ನಿಂತೇ ಇದ್ದಳು, ಯಾರೂ ಕುಂದರು ಎನ್ನಲಿಲ್ಲ. ಆಗ ಅವಳು ತಾನಾಗಿ ದೇವರ ಜಗಲಿಗೆ ಹೋಗಿ, ಮಾಯಕ್ಕನ ಮುಂದಿನ ಬಟ್ಟಲಿಗೆ ಕೈ ಹಾಕಿ, ಮುಷ್ಟಿ ತುಂಬ ಭಂಡಾರದ ಅರಿಷಿಣ ಹಿಡಿದು, "ಯಣ್ಣಾ, ನೀ ಹೂಂ ಅನ್ನೂತನಕ ನಾ ಅವನ ಮುಖಾ ನೋಡೂದಿಲ್ಲ" ಎಂದಳು. ಹೀಗೆ ಆಣೆ ಮಾಡು ಎಂದು ಮಾವ ಕೇಳಿರಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಸೊಸೆ ಒಂದು ತಂಬಿಗೆ ನೀರು ತಂದು ಅವ್ವನ ಮುಂದೆ ಇಟ್ಟಳು. ನಾನು ಅಲ್ಲೇ ಬಾಗಿಲ ಹತ್ತಿರ ಇದ್ದೆ. ನಮ್ಮವರಲ್ಲಿ ಭಂಡಾರ ಹಿಡಿದು ಆಡಿದ ಮಾತು ಎಷ್ಟು ಗಟ್ಟಿ ಎಂದು ನಿನಗೆ ಹೇಳಬೇಕಾಗಿಲ್ಲ. ಬಿಡಿಸಬೇಕಾದವರು ಮಾವ ಒಬ್ಬರೇ. ಮಗನನ್ನು ಕಳೆದುಕೊಂಡವರ ಮುಂದೆ ಹೋಗಿ ಅದನ್ನು ಕೇಳಲು ನಮಗೆ ಯಾರಿಗೂ ಬಾಯಿ ಬಂದಿಲ್ಲ.

ಇನ್ನು ನಿನ್ನೆ ರವಿವಾರ ನಡೆದದ್ದು. ಬೆಳಗ್ಗೆ ನೀರು ಬಿಟ್ಟಿದ್ದರು. ನಾನು ಹಿತ್ತಲಲ್ಲಿ ಬ್ಯಾರಲ್ಲಿಗೆ ಪೈಪ್ ಹಿಡಿದು ನಿಂತಿದ್ದೆ. ಒಳಗೆ ಬಂದು ನೋಡಿದರೆ ಅವ್ವನೂ ಇಲ್ಲ, ಬೀರೇಶನೂ ಇಲ್ಲ. ಯುಗಾದಿಗೆಂದು ತಂದಿಟ್ಟ ಅವನ ಹೊಸ ಅಂಗಿ ಇರಲಿಲ್ಲ, ಅವ್ವನ ಚೀಲವೂ ಇರಲಿಲ್ಲ. ಗೌರವ್ವಾರು, "ಬಸ್ ಸ್ಟಾಪ್ ಕಡೆ ಹೋದ್ರವಾ. ಎಲ್ಲಿಗಂತ ಕೇಳಿದ್ರ, ಜಾವಳಾ ಮಾಡಸ್ಕೊಂಡ ಬರ್ತೇವಿ ಅಂದ್ರು" ಎಂದರು. ಖಾನಾಪುರಕ್ಕೆ ಕರೆದುಕೊಂಡು ಹೋದಳು ಎಂದುಕೊಂಡೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಒಲೆ ಆರಿಸಿ, ಪೈಪ್ ಸುತ್ತಿಟ್ಟು, ಬೀಗ ಹಾಕುತ್ತಿದ್ದಾಗ ಡಿಪೋದ ಕಂಡಕ್ಟರ್ ಗುರುಪುತ್ರಪ್ಪ ಸೈಕಲ್ ಮೇಲೆ ಬಂದ. ಪಾಳಿ ಮುಗಿಸಿ ಮನೆಗೆ ಹೋಗುವವನು ನಮ್ಮ ಓಣಿಗೆ ತಿರುಗಿಸಿಕೊಂಡು ಬಂದಿದ್ದ. "ವೈನಿ, ನಿಮ್ಮವ್ವಾರು ಹುಡುಗನ್ನ ಕರಕೊಂಡ ಜೇಲ್ ಗೇಟಿಗೆ ಇಳದಾರ. ಅರ್ಧಾ ಟಿಕೀಟ್ ಯಾಕ ಬೇಕೋ, ಇವಾ ಇನ್ನೂ ಜಾವಳದ ಕೂಸು ಅಂತ ನನ್ನ ಜೋಡಿ ಜಗಳಾ ಮಾಡ್ಯಾರ" ಎಂದ. ನಾನು ರಿಕ್ಷಾ ಮಾಡಿಕೊಂಡು ಬಂದೆ. ನೀನು ಒಳಗೆ ಇದ್ದೆ. ನಿನ್ನೆ ನಾವು ಮೂವರೂ ನಿನ್ನ ಗೋಡೆಯ ಈಚೆ ಇದ್ದೆವು.

ಅವ್ವ ಗೇಟಿನ ಎದುರಿನ ಮರದ ಕೆಳಗೆ ಕುಳಿತಿದ್ದಳು. ಗೇಟಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಬೀರೇಶ ಪಹರೆಯವರ ಹತ್ತಿರ ಇದ್ದ, ಅವರು ಅವನಿಗೆ ಸೆಲ್ಯೂಟ್ ಹೊಡೆಯಲು ಕಲಿಸುತ್ತಿದ್ದರು. ಅವನು ಎಡಗೈಯಿಂದ ಹೊಡೆಯುತ್ತಿದ್ದ. ಒಳಗಿನ ಮೇಜಿನ ಮೇಲೆ ನಮ್ಮ ಮನೆಯ ಕುರಿ ಕತ್ತರಿ ಇತ್ತು. ಉಣ್ಣೆ ತೆಗೆಯುವ ದೊಡ್ಡ ಕತ್ತರಿ, ನೀನೇ ಮಸೆಯುತ್ತಿದ್ದದ್ದು. ಅದನ್ನು ಅವಳು ಊರಿನಿಂದ ಬರುವಾಗಲೇ ಚೀಲದಲ್ಲಿ ರೊಟ್ಟಿಯ ಅರಿವೆಯಲ್ಲಿ ಸುತ್ತಿ ತಂದಿದ್ದಳು. ಪಹರೆಯವರಲ್ಲಿ ವಯಸ್ಸಾದವರೊಬ್ಬರು ಬಸಯ್ಯ ಎಂದು ಹೆಸರು ಹೇಳಿದರು. ಅವರು ನನ್ನನ್ನು ನೋಡಿ, "ಬಾರವಾ ತಂಗಿ, ಈ ಅಜ್ಜಿ ನಿಮ್ಮವ್ವ ಏನ? ಬೀಡಿ ತಂದಾವ್ರನ್ನ ನೋಡೀನಿ, ಕೂಸಿನ ಕುಂಚಗಿ ಒಳಗ ತಂಬಾಕ ಕಟಗೊಂಡ ಬಂದಾವ್ರನ್ನ ನೋಡೀನಿ. ಜೇಲಿಗೆ ಕುರಿ ಕತ್ತರಿ ತಂದಾವ್ರನ್ನ ಇವತ್ತ ನೋಡಿದೆ" ಎಂದರು. ಅವ್ವ ಅವರಿಗೆ ಹೇಳಿದ್ದು ಇಷ್ಟು: ಕೂಸನ್ನು ನೀವೇ ಒಳಗೆ ಕರೆದುಕೊಂಡು ಹೋಗಿ, ಅವನ ಮಾವ ಒಳಗೆ ಇದ್ದಾನೆ, ತೊಡೆಯ ಮೇಲೆ ಕೂಡಿಸಿಕೊಂಡು ಒಂದು ಎಳೆ ಕತ್ತರಿಸಿ ಕೊಡಲಿ, ಕತ್ತರಿಯನ್ನೂ ಕೂಸನ್ನೂ ವಾಪಸು ತಂದು ಕೊಡಿ, ಅಲ್ಲಿಯವರೆಗೆ ನಾನು ಇಲ್ಲಿ ಬೆನ್ನು ಮಾಡಿ ಕುಳಿತಿರುತ್ತೇನೆ. "ಯಾರಿಗೆ ಬೆನ್ನ ಮಾಡ್ತೀ ಅಜ್ಜಿ ಅಂದ್ರ ಹೇಳವಲ್ಲಳು" ಎಂದರು ಬಸಯ್ಯ. ಅವಳಿಗೆ ಅದು ಗುಡಿಗೆ ಕಾಯಿ ಕಳಿಸಿದ ಹಾಗೆ, ಕೊಟ್ಟು ಕಳಿಸಿದರೆ ಒಡೆದು ತಂದು ಕೊಡುತ್ತಾರೆ ಎಂಬ ನಂಬಿಕೆ. ಮುಖ ನೋಡುವ ಪ್ರಶ್ನೆಯೇ ಬರುವುದಿಲ್ಲವಲ್ಲ.

ಅವರು ಒಳ್ಳೆಯ ರೀತಿಯಲ್ಲಿಯೇ ಹೇಳಿದರು. ರವಿವಾರ ಭೇಟಿ ಇಲ್ಲ. ಭೇಟಿಯ ದಿನ ಅರ್ಜಿ ಬರೆದು ಕೊಟ್ಟರೆ ಮಗುವನ್ನೂ ಕರೆದುಕೊಂಡು ಬರಬಹುದು, ಆದರೆ ಜಾಳಿಗೆಯ ಈಚೆಯಿಂದ. ಕತ್ತರಿ ಮಾತ್ರ ಯಾವತ್ತೂ ಆಗುವುದಿಲ್ಲ, ಸಣ್ಣದೂ ಆಗುವುದಿಲ್ಲ, ಉಗುರು ತೆಗೆಯುವುದೂ ಆಗುವುದಿಲ್ಲ. ಅವ್ವ ರಸ್ತೆಯನ್ನು ನೋಡುತ್ತಲೇ, "ಹಂಗಾರ ಅವನ ಬಾಯಾಗ ಹಲ್ಲ ಇಲ್ಲೇನ್ರಿ? ಕಡದ ಕೊಡ್ಲಿ" ಎಂದಳು. ಪಹರೆಯವರೆಲ್ಲ ನಕ್ಕರು. ಅವಳು ನಗಲಿಲ್ಲ. ಅವಳು ನಿಜವಾಗಿಯೇ ಹೇಳಿದ್ದಳು. ಬಸಯ್ಯನವರು ನಗು ನಿಲ್ಲಿಸಿ, ಕತ್ತರಿಯನ್ನು ಮತ್ತೆ ರೊಟ್ಟಿಯ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, "ಜಾಳಿಗ್ಯಾಗ ಬೆರಳ ತೂರುವಷ್ಟು ಕಿಂಡಿ ಐತಿ ಅಜ್ಜಿ. ಬೆರಳ ಮುಟ್ಟಸ್ಲಿ, ಉಳದದ್ದ ಹೊರಗ ಮಾಡಸ್ಕೋ" ಎಂದರು. ಅವ್ವ ಎದ್ದು ಬೀರೇಶನ ಕೈ ಹಿಡಿದಳು. ಬಸ್ಸಿನಲ್ಲಿ ಅವನು ಅವಳ ತೊಡೆಯ ಮೇಲೆ ನಿದ್ದೆ ಹೋದ. ನಾನು ಅವಳ ಬಾಜು ಕುಳಿತು ಬೋರ್ಡುಗಳನ್ನು ಓದಿಕೊಳ್ಳುತ್ತ ಬಂದೆ. ಗುರುಪುತ್ರಪ್ಪನಿಗೆ ಅರ್ಧ ಟಿಕೀಟಿನ ರೊಕ್ಕ ಕೊಡದವಳು ಈ ಸಲ ಬೀರೇಶನಿಗೆ ಪೂರಾ ಟಿಕೀಟು ತೆಗೆದಳು.

ಮನೆಗೆ ಬಂದ ಮೇಲೆ ಅವ್ವ ಬೀರೇಶನಿಗೆ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದಳು. ಬೊಕ್ಕೆಗೆ ಗಾಳಿ ಆಡಲಿ ಎಂದು. ಆಮೇಲೆ, ಬೆರಳು ಮುಟ್ಟಿಸಿದರೆ ನಡೆಯುತ್ತದೆ ಎಂದಳು. ಮೊದಲು ನಿನ್ನ ಬೆರಳು ಅವನ ನೆತ್ತಿಗೆ ಮುಟ್ಟಬೇಕು, ಆಮೇಲೆ ಕಟಿಂಗ್ ಅಂಗಡಿಯವನ ಕತ್ತರಿಯಾದರೂ ಆದೀತು. ಕತ್ತರಿಸಿದ ಕೂದಲು ಅವಳೇ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಮಾಯಕ್ಕನಿಗೆ ಒಪ್ಪಿಸುತ್ತಾಳೆ. ನಮ್ಮ ಮನೆಯವರೂ ಆಗಲಿ ಎಂದರು. ಇಷ್ಟು ಹೊತ್ತು ಬರೆದದ್ದು ಇದಕ್ಕಾಗಿ. ಮುಂದಿನ ವಾರದ ಗುರುವಾರ, ಮಾರ್ಚ್ 23ಕ್ಕೆ, ನಾನು ಬೀರೇಶನನ್ನು ಕರೆದುಕೊಂಡು ಬರುತ್ತೇನೆ. ಅಷ್ಟರಲ್ಲಿ ಈ ಪತ್ರ ನಿನ್ನ ಕೈ ಸೇರಬೇಕು. ಈ ಸಲ ಬರುವುದಿಲ್ಲ ಎನ್ನಬೇಡ. ಅವನಿಗೆ ನಿನ್ನ ಗುರುತು ಇಲ್ಲ. ನಿನ್ನನ್ನು ಕಂಡರೆ ಅತ್ತಾನು, ಅದಕ್ಕೆ ಬೇಸರ ಮಾಡಿಕೊಳ್ಳಬೇಡ, ಹೊಸಬರನ್ನು ಕಂಡರೆ ಅಳುವ ವಯಸ್ಸು. ಅವನಿಗೆ ಹೇಳಿ ಇಡುತ್ತೇನೆ, ಅದು ಮಾವ ಎಂದು. ನಿನ್ನೆಯಿಂದ ಅವನು ಯಾರನ್ನು ಕಂಡರೂ ಎಡಗೈಯಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದಾನೆ, ನಿನಗೂ ಹೊಡೆದಾನು.

ಊರಿನ ಸುದ್ದಿ ಹೆಚ್ಚಿಗೆ ಇಲ್ಲ. ಇದ್ದ ಕುರಿಗಳನ್ನು ಅವ್ವ ಬಾಜು ಮನೆಯವರ ಹಿಂಡಿನಲ್ಲಿ ಬಿಟ್ಟು ಬಂದಿದ್ದಾಳೆ. ನಿನ್ನ ಕರಿಯ ನಾಯಿ ಈಗಲೂ ಸಂಜೆ ರಸ್ತೆಯ ತಿರುವಿನವರೆಗೆ ಹೋಗಿ ಬರುತ್ತದಂತೆ. ಅಮಾವಾಸ್ಯೆಗೆ ಅವ್ವ ಸಿದ್ದಪ್ಪ ಮಾವನ ಮನೆಗೆ ಹೋಗುತ್ತಾಳೆ, ಅವರು ಮಾತನಾಡುವುದು ಕಡಿಮೆ, ಊಟಕ್ಕೆ ಕರೆಯುತ್ತಾರೆ. ಅಲ್ಲಿ ಕೊಟ್ಟದ್ದನ್ನು ಬಿಡದೆ ಊಟ ಮಾಡು. ಕೆಮ್ಮು ತೋರಿಸು. ರಾತ್ರಿ ತಲೆಗೆ ಅರಿವೆ ಕಟ್ಟಿಕೊಂಡು ಮಲಗು. ಬೀರಪ್ಪ ಮಾಯಕ್ಕ ನಿನ್ನನ್ನು ಗಟ್ಟಿ ಇಡಲಿ. ನಮ್ಮ ಮನೆಯವರ ಮತ್ತು ಗೌರವ್ವಾರ ಆಶೀರ್ವಾದ, ಬೀರೇಶನ ಮುದ್ದು.

ನಿನ್ನ ಅಕ್ಕ,
ಪ್ರಮಿಳಾ

ತಾ. ಕ.: ಲಕೋಟೆಗೆ ಅಂಟು ಹಚ್ಚುವಾಗ ಅವ್ವ ಅಡುಗೆ ಮನೆಯಿಂದ ಬಂದು, ಏನು ಬರೆದೆ ಓದು ಎಂದಳು. ಪೂರ್ತಿ ಓದಿದೆ. ಭಂಡಾರದ ಮಾತು ಬರೆದದ್ದಕ್ಕೆ ಬೈಯಲಿಲ್ಲ. ಗುರುವಾರ ತಾನೂ ಬರುತ್ತೇನೆ ಎಂದಳು. ಆಣೆ ಇದೆಯಲ್ಲ ಎಂದೆ. "ಮುಖಾ ನೋಡೂದಿಲ್ಲ ಅಂದೀನಿ. ದನಿ ಕೇಳೂದಿಲ್ಲ ಅಂದಿಲ್ಲ" ಎಂದಳು. ಜಾಳಿಗೆಗೆ ಬೆನ್ನು ಮಾಡಿ ನಿಂತಿರುತ್ತಾಳೆ, ತಿರುಗುವುದಿಲ್ಲ, ನೀನೂ ತಿರುಗು ಎನ್ನಬೇಡ. ಏನಾದರೂ ಮಾತಾಡು, ಕೆಮ್ಮಿನ ವಿಷಯವಾದರೂ ಹೇಳು. ನೀನು ಸುಮ್ಮನೆ ನಿಂತರೆ ನೀನು ಬಂದದ್ದು ಅವಳಿಗೆ ಗೊತ್ತಾಗುವುದಿಲ್ಲ.